ಮುಚ್ಚಿಯೇ ಇದ್ದ ಹದಿನೇಳು ಬಿಲ

ಗುರುವಾರ, ಫೆಬ್ರುವರಿ ೧೨

ಖಾಲಿ ಎಂದು ಬರೆದವಳು ನಾನೇ. ಬದನಗುಪ್ಪೆ ಬಯಲನ್ನು ಮಟ್ಟ ಮಾಡುವ ಮೊದಲು ಅಲ್ಲಿನ ಇಲಿಗಳನ್ನು ಹಿಡಿದು ಬೇರೆಡೆ ಬಿಡಬೇಕಿತ್ತು. ಈ ಜಾತಿ ಸುತ್ತಮುತ್ತ ಇನ್ನೆಲ್ಲೂ ಉಳಿದಿಲ್ಲ. ಯಾವ ಬಿಲದಲ್ಲಿ ಇಲಿ ಇದೆ ಎಂದು ತಿಳಿಯಲು ಕಳೆದ ವಾರ ಒಂದು ಸಂಜೆ ಬಿಲಗಳ ಬಾಯಿಗೆ ಮಣ್ಣು ಮೆತ್ತಿ ಬಂದೆ. ಮರುದಿನ ಬೆಳಿಗ್ಗೆ ತೆರೆದಿದ್ದವುಗಳಲ್ಲಿ ಇಲಿ ಇದೆ, ಮುಚ್ಚಿಯೇ ಇದ್ದ ಹದಿನೇಳು ಖಾಲಿ ಎಂದು ಸಹಿ ಮಾಡಿದೆ.

ಇಂದು ಜೆಸಿಬಿ ಆ ಹದಿನೇಳರಲ್ಲಿ ಒಂದನ್ನು ಬಗೆಯಿತು. ಕಣ್ಣು ಬಿಡದ ಐದು ಮರಿ ಮಣ್ಣಿನ ಜೊತೆ ಉದುರಿದವು.

"ಮರಿ ಆಕುದ್ಮೇಲೆ ತಾಯಿ ಒಳ್ಗಿಂದ್ಲೇ ಬಾಗ್ಲ ಮುಚ್ಕತದ ಕಣವ್ವ," ಎಂದರು ಪಕ್ಕದೂರು ಉಡಿಗಾಲದಿಂದ ಕೂಲಿಗೆ ಬಂದಿದ್ದ ಮೂಗಮ್ಮ. "ನಮ್ಮುನ್ನ ಕೇಳ್ನಿಲ್ವಲ್ಲ."

ಕೆಲಸ ನಿಲ್ಲಿಸಿ ಎಂದರೆ ಮೇಸ್ತ್ರಿ ನನ್ನ ಸಹಿಯನ್ನೇ ತೋರಿಸಿದ. ನಾಳೆ ಏಳಕ್ಕೆ ಉಳಿದ ಹದಿನಾರು. ಯಂತ್ರದ ಸದ್ದಿಗೆ ಹೆದರಿದ ತಾಯಂದಿರು ಈಗ ಬಾಗಿಲನ್ನು ಇನ್ನಷ್ಟು ಗಟ್ಟಿಯಾಗಿ ಮುಚ್ಚಿಕೊಳ್ಳುತ್ತಿರಬೇಕು.