ಅತ್ತೆಯ ಹಸಿರು ಒಲೆ

ಮಾರ್ಚ್ ಒಂಬತ್ತು, ಭಾನುವಾರ

ನಮ್ಮ ಹಳೆಯ ಕೋಟೆಮನೆಯ ನೆಲದಡಿಯ ತೊಲೆಗಳು ಹೋದವು. ಪಡಸಾಲೆಯ ನೆಲದ ಹಲಗೆ ಎಬ್ಬಿಸಿದರೆ ಕೆಳಗೆಲ್ಲ ಹತ್ತಿಯ ಹಾಗೆ ಬಿಳಿ ಬೂಷ್ಟು. ತೊಲೆಗೆ ಬೆರಳಿಟ್ಟೆ, ಒಳಗೇ ಇಳಿಯಿತು.

ಕಮ್ಯುನಿಸ್ಟ್ ಸರ್ಕಾರ ಮನೆ ಕಿತ್ತುಕೊಂಡು ಗೋದಾಮು ಮಾಡಿ ಗೋಧಿ ತುಂಬಿದಾಗ ಬೀಳಲಿಲ್ಲ, ಸೂರು ಸೋರುತ್ತ ಪಾಳುಬಿದ್ದಾಗಲೂ ಬೀಳಲಿಲ್ಲ. ನಮ್ಮ ಕೈಗೆ ವಾಪಸು ಬಂದ ಮೇಲೆ ಹಾಳಾಯಿತು.

ದುರಸ್ತಿ ನೋಡಿಕೊಳ್ಳುವ ಎನಿಕೊ ತಲೆ ಚಚ್ಚಿಕೊಂಡಳು. "ಒಲೆ ಯಾವಾಗಿಂದ ಉರಿಸ್ತಿದ್ದೀರಾ?"

"ಬಂದಾಗಿಂದ. ಚಳಿಗಾಲ ಪೂರ್ತಿ."

"ಅಯ್ಯೋ ಪುಣ್ಯಾತ್ಗಿತ್ತಿ! ಒದ್ದೆ ಮನೇನ ಬೆಚ್ಚಗಿಟ್ಟು ನೀವೇ ಬೂಷ್ಟು ಸಾಕಿದ್ದೀರಲ್ರೀ. ಕಿಟಕಿ ತೆಗೆದು ತಣ್ಣಗೆ ಬಿಟ್ಟಿದ್ರೆ ಉಳ್ಕೊಳ್ತಿತ್ತು."

ಸೋದರತ್ತೆ ಮಾರ್ಗಿತ್‌ಗೆ ಏನೆಂದು ಹೇಳಲಿ? ಮನೆ ಕಿತ್ತುಕೊಂಡ ರಾತ್ರಿ ಸರ್ಕಾರದವರು, ಇನ್ನೂ ಪುಟ್ಟ ಹುಡುಗಿಯಾಗಿದ್ದ ಅವಳನ್ನು ಮಲಗುವ ಅಂಗಿಯಲ್ಲೇ ಲಾರಿಗೆ ಹತ್ತಿಸಿದ್ದರು. ಆಗ ಕೋಣೆ ಬೆಚ್ಚಗಿಡುವ ಈ ಹಸಿರು ಹೆಂಚಿನ ಒಲೆ ಇನ್ನೂ ಬಿಸಿಯಾಗಿತ್ತಂತೆ. ಊರೂರು ಅಲೆದ ಅಷ್ಟೂ ವರ್ಷ ಅವಳು ಬಾಯಿಬಿಟ್ಟು ಬೇಡಿದ್ದು ಆ ಬಿಸಿಯೊಂದನ್ನೇ. ಬೀಗದ ಕೈ ಸಿಕ್ಕ ಸಂಜೆಯೇ, ಸೂರಿನ ಹೆಂಚು ಹೊದಿಸುವ ಮೊದಲೇ, ಒಲೆ ಹಚ್ಚಿಸಿದಳು. ಹಚ್ಚಿದವಳು ನಾನು.

ಈಗಲೂ ಒಲೆಗೆ ಬೆನ್ನು ಕೊಟ್ಟು ಕೂತಿದ್ದಾಳೆ.

"ಏನೇ ಅದು, ಹುಳಿ ದ್ರಾಕ್ಷಿ ತಿಂದವಳ ಥರ ಮುಖ? ಏಳು, ಒಂದು ಸೌದೆ ಹಾಕು. ಮನೆಗೆ ಚಳಿಯಾಗ್ತಿದೆ."

ಎದ್ದು ಹೋಗಿ ಎರಡು ಹಾಕಿ ಬಂದೆ.