ಪಶ್ಚಿಮದ ಗೋಡೆಯ ಕಿಟಕಿ

ಪ್ರೀತಿಯ ಅಪ್ಪನಿಗೆ,

ನೀವು ಒಮ್ಮೆಯೂ ಕಾಲಿಡದೆ ಕಾದಂಬರಿ ಬರೆದ ಆ ಎರಡು ಸಾವಿರ ವರ್ಷದ ಅರಮನೆಯನ್ನು ಇವತ್ತು ನೋಡಿ ಬಂದೆ. ವಿಮರ್ಶಕರು ಹೇಳಿದ್ದು ನಿಜ, ನಿಮ್ಮ ಕಾದಂಬರಿಯ ರಾಣಿ ತಪ್ಪಿಸಿಕೊಳ್ಳುವ ಪಶ್ಚಿಮದ ಗೋಡೆಗೆ ಕಿಟಕಿಯೇ ಇಲ್ಲ. ಅದೊಂದು ತಪ್ಪಿಗೆ ಎರಡನೇ ಭಾಗವನ್ನು ಅರ್ಧಕ್ಕೇ ಬಿಟ್ಟು, ಮೂರು ವರ್ಷದಿಂದ ಮುಖ ಊದಿಸಿಕೊಂಡು ಕೂತಿದ್ದೀರಿ.

ಅಲ್ಲಿನ ಗೈಡ್ ಮಾತ್ರ ನಮ್ಮನ್ನೆಲ್ಲ ನೇರವಾಗಿ ಆ ಗೋಡೆಯ ಬಳಿಗೇ ಕರೆದೊಯ್ದರು. ಕಲ್ಲು ಉದುರಿ ಆದ ತೂತೊಂದನ್ನು ತೋರಿಸಿ, "ಬಟ್ಟೆ ಒಗೆಯೋ ಹುಡುಗಿ ಒದ್ದೆ ಬಟ್ಟೆಗಳನ್ನ ಗಂಟು ಹಾಕಿ ರಾಣೀನ ಕೆಳಗಿಳಿಸಿದ್ದು ಇದೇ ಕಿಟಕಿಯಿಂದ" ಎಂದರು. ಅದರಲ್ಲಿ ಬೆಕ್ಕು ನುಸುಳುವುದೂ ಕಷ್ಟ. ಆದರೂ ಎಲ್ಲರೂ ಸಾಲಾಗಿ ನಿಂತು ಇಣುಕಿದರು. ನಾನೂ ಇಣುಕಿದೆ.

ತಡೆಯಲಾರದೆ, "ಆ ಕಾದಂಬರಿ ಬರ್ದಿದ್ದು ನಮ್ಮಪ್ಪ" ಎಂದುಬಿಟ್ಟೆ. ಗೈಡ್ ನನ್ನನ್ನು ಪಕ್ಕಕ್ಕೆ ಕರೆದು ದನಿ ತಗ್ಗಿಸಿದರು. "ಇಲ್ಲಿ ಕಿಟಕಿ ಇಲ್ಲ ಅಂತ ನಂಗೂ ಗೊತ್ತಮ್ಮ. ಅದಿರ್ಲಿ, ರಾಣಿ ಏನೋ ಪಾರಾದ್ಲು. ಆ ಹುಡುಗಿ ಗತಿ ಏನಾಯ್ತು?"

"ಅಪ್ಪನ್ನೇ ಕರ್ಕೊಂಡು ಬರ್ತೀನಿ, ಕೇಳಿ" ಎಂದು ಮಾತು ಕೊಟ್ಟಿದ್ದೇನೆ. ಭಾನುವಾರಕ್ಕೆ ಎರಡು ಟಿಕೆಟ್ ಆಗಿವೆ. ಮೊಣಕಾಲಿನ ಪಟ್ಟಿ, ಎರಡನೇ ಭಾಗದ ಹಾಳೆಗಳು, ಎರಡನ್ನೂ ಮರೆಯಬೇಡಿ. ಕಿಟಕಿ ಮಾತ್ರ ಇದ್ದಲ್ಲೇ ಇರಲಿ.

ಇಣುಕಿ ನೋಡಿ ಬಂದ,
ನಿಮ್ಮ ಮಗಳು