ಗೋಧಿ ಹಿಟ್ಟು ಕಲಸಿದ ರೊಟ್ಟಿ

ಕೊಣ್ಣೂರ
೧೮ ನವೆಂಬರ್ ೨೦೨೪

ಚಿರಂಜೀವಿ ತಮ್ಮ ದುಂಡಪ್ಪನಿಗೆ ಅಕ್ಕ ಸುಂದ್ರವ್ವನ ಆಶೀರ್ವಾದಗಳು.

ನಾವೆಲ್ಲ ಇಲ್ಲಿ ಇದ್ದೇವೆ. ಕ್ಷೇಮ ಎಂದು ಬರೆಯಲು ಕೈ ಏಳುವುದಿಲ್ಲ. ಹದಿನೈದು ದಿನದಿಂದ ನಿನ್ನ ಫೋನ್ ಎತ್ತಲಿಲ್ಲ, ಉತ್ತರ ತಡವಾಯಿತು. ಎತ್ತಿದ್ದರೆ ನಾನು ಚೀರುತ್ತಿದ್ದೆ, ನೀನು ಫೋನ್ ಇಟ್ಟುಬಿಡುತ್ತಿದ್ದೆ. ಕಾಗದವಾದರೆ ಕೊನೆಯವರೆಗೂ ಓದುತ್ತೀ ಅಂತ ಬರೆಯುತ್ತಿದ್ದೇನೆ.

ನೀನು ಅಲ್ಲಪ್ಪ ಕಾಕಾನ ಕೂಡ ಹೇಳಿ ಕಳಿಸಿದ ಮಾತು ಮುಟ್ಟಿತು. ಮುದುಕ ತಲೆ ಎತ್ತದೆ ಹೇಳಿದ: “ಅರ್ಚನಾ ರೋಗಿಷ್ಟಿ ಅದಾಳ, ಬಿಡುಗಡಿ ಮಾಡೂಣಂತ. ಸಣ್ಣಾಕಿ ಲಕ್ಷ್ಮೀನ ಶಿವಕುಮಾರಗ ಕೊಡಬೇಕಂತ. ಸಂಬಂಧ ಉಳೀತೈತಿ ಅಂದಾನವಾ ನಿನ್ನ ತಮ್ಮ.” ಲಕ್ಷ್ಮೀ ಪರೀಕ್ಷೆಗೆ ಓದುತ್ತಾ ಒಳಗೇ ಕೂತಿದ್ದಳು. ಪುಸ್ತಕ ಮುಚ್ಚಿ ಎದ್ದು ಬಂದು, “ಕಾಕಾ, ನನಗೂ ಹಿಟ್ಟಿನಾಗ ಕಲಿಸಿ ಹಾಕ್ತಾರೇನ?” ಅಂತ ಕೇಳಿದಳು. ಕಾಕಾ ಚಹಾ ಮುಟ್ಟದೆ ಎದ್ದು ಹೋದ.

ದುಂಡಪ್ಪ, ಮೂರು ವರ್ಷದ ಹಿಂದೆ ನನ್ನ ಹಿರಿಮಗಳು ಅರ್ಚನಾಳನ್ನು ನಿನ್ನ ಮಗ ಶಿವಕುಮಾರನಿಗೆ, ನನ್ನ ತವರಿಗೇ ಸೊಸೆಯಾಗಿ ಕೊಟ್ಟೆ. ಹುಕ್ಕೇರಿಯ ಜನ ನನ್ನ ಜನ ಅಂತ ಕೊಟ್ಟೆ. ನಮ್ಮ ಮನೆಯಲ್ಲಿ ಎರಡು ಹೊತ್ತೂ ಜೋಳದ ರೊಟ್ಟಿ, ನಿಮ್ಮಲ್ಲಿ ಎರಡು ಹೊತ್ತೂ ಚಪಾತಿ. ಮುಂಜಾನೆ ಉಪ್ಪಿಟ್ಟು, ಹಬ್ಬಕ್ಕೆ ಗೋಧಿ ಹುಗ್ಗಿ. ಉಂಡು ದಪ್ಪ ಆಗುತ್ತಾಳೆ ಅಂದುಕೊಂಡೆ. ಆರು ತಿಂಗಳಲ್ಲಿ ಕೆನ್ನೆ ಒಳಗೆ ಹೋದವು. ಹೊಟ್ಟೆ ಉಬ್ಬರ, ಭೇದಿ, ಬಾಯಿ ತುಂಬ ಹುಣ್ಣು. ಬಾಚಿದರೆ ಕೂದಲು ಹಣಿಗೆಯಲ್ಲೇ ಬರುತ್ತಿತ್ತು. ಎರಡು ಸಲ ಬಸಿರು ನಿಂತು ಇಳಿಯಿತು. ಊರ ಬಸುರಿಯರಿಗೆಲ್ಲ ಕಬ್ಬಿಣದ ಗುಳಿಗೆ ಹಂಚುವ ಅಂಗನವಾಡಿಯವಳು ನಾನು. ನನ್ನ ಮಗಳ ರಕ್ತ ಮಾತ್ರ ಆರರ ಮೇಲೆ ಏರಲಿಲ್ಲ. “ಗುಳಿಗಿ ನುಂಗ್ತೀಯೋ ಹಿತ್ತಲಕ್ಕ ಒಗೀತೀಯೋ?” ಅಂತ ಬೈದೆ. “ನುಂಗಾಕತ್ತೇನ ಬೇ” ಅಂದಳು. ನಂಬಲಿಲ್ಲ.

ಈ ಆಷಾಢದಲ್ಲಿ ನೀರಿನ ಕೊಡ ಎತ್ತುವಾಗ ಮುಂಗೈ ಎಲುಬು ಮುರಿಯಿತಲ್ಲ, ಇಪ್ಪತ್ತಾರರ ಹುಡುಗಿಗೆ! ಆಗ ನಾನೇ ಬೆಳಗಾವಿಗೆ ಕರೆದೊಯ್ದೆ. ಡಾಕ್ಟರಬಾಯಿ ರಕ್ತ ತೆಗೆದರು, ಬಾಯಿಂದ ನಳಿಗೆ ಇಳಿಸಿ ಕರುಳಿನ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಸಿಲಿಯಾಕ್ ಅಂತ ಆ ರೋಗದ ಹೆಸರು. ಮೊದಲಿಂದಲೂ ಮೈಯಲ್ಲಿ ಇದ್ದದ್ದಂತೆ, ದಿನಾ ಗೋಧಿ ಬಿದ್ದ ಮೇಲೆ ಎದ್ದು ಕೂತಿತಂತೆ. “ಸಣ್ಣ ಕರುಳಿನ ಒಳಗ ಮಖಮಲ್ ಇದ್ದಂಗ ಇರಬೇಕ್ರಿ, ಇವರದು ಸವದ ಬೋಳಾಗೇತಿ. ತಿಂದದ್ದು ಮೈಗಿ ಹತ್ತೂದಿಲ್ಲ. ಗುಳಿಗಿ ನುಂಗಿದ್ರೂ ಹತ್ತೂದಿಲ್ಲ” ಅಂದರು. ಕಬ್ಬಿಣ ಇಲ್ಲ, ಕ್ಯಾಲ್ಸಿಯಂ ಇಲ್ಲ, ಡಿ ಇಲ್ಲ, ಬಿ ಹನ್ನೆರಡು ಇಲ್ಲ. ಬಸಿರು ನಿಲ್ಲದಿದ್ದದ್ದಕ್ಕೂ ಇದೇ ಕಾರಣ ಇರಬಹುದು ಅಂದರು. ಇದಕ್ಕೆ ಔಷಧ ಒಂದೇ: ಗೋಧಿ, ರವೆ, ಮೈದಾ, ಶಾವಿಗೆ ಜನ್ಮದಲ್ಲಿ ಮುಟ್ಟಬಾರದು. ಅಂಗಡಿಯ ಇಂಗಿನಲ್ಲೂ ಗೋಧಿ ಹಿಟ್ಟು ಇರುತ್ತದಂತೆ, ಅದನ್ನೂ ನೋಡಿ ತರಬೇಕು. ಜೋಳ, ಅಕ್ಕಿ, ಸಜ್ಜೆ ಉಂಡುಕೊಂಡು ನೂರು ವರ್ಷ ಬಾಳಬಹುದು.

ಇಷ್ಟೇ ಕೇಳಿದ್ದು ನಿನ್ನ ಮನೆಯನ್ನು. ಮಗಳಿಗೆ ಎರಡು ಜೋಳದ ರೊಟ್ಟಿ. ಡಾಕ್ಟರ ಕಾಗದ ನಿನ್ನ ಕೈಗೇ ಕೊಟ್ಟು ಬಂದೆ.

ಮೂರು ವಾರಕ್ಕೆ ಶಿವಕುಮಾರನ ಫೋನ್ ಬಂತು, ಅರ್ಚನಾಗೆ ವಾಂತಿ ನಿಲ್ಲುತ್ತಿಲ್ಲ ಅಂತ. ನಾನು ಓಡಿ ಬಂದಾಗ ಅವಳು ಒಳಗೆ ಚಾಪೆಯ ಮೇಲೆ ಮುದುಡಿ ಮಲಗಿದ್ದಳು. ನಿನ್ನ ಹೆಂಡತಿ ಮಾಯವ್ವ ಬಾಜೂಮನೆಯವಳ ಎದುರು ಗಟ್ಟಿಯಾಗಿ ಹೇಳುತ್ತಿದ್ದಳು: “ಕಾಗದಾ ತಂದಾಳ ಕಾಗದಾ! ಖರೇನೋ ಸುಳ್ಳೋ ನೋಡೂಣಂತ ನಾಕ ದಿನ ಜ್ವಾಳದ ಹಿಟ್ಟಿನಾಗ ಗೋಧಿ ಹಿಟ್ಟ ಕಲಿಸೇನ್ರಿ. ತಿಂದ್ಲು. ಸತ್ತಳೇನ?”

ನೀನು ಕಟ್ಟೆಯ ಮೇಲೆ ಕೂತಿದ್ದೆ. ಕೈಯಲ್ಲಿ ಚಹಾದ ಬಸಿ ಇತ್ತು. ನಿನಗೆ ಕೇಳಿಸಿತು. ನಾನು ನಿನ್ನ ಮುಖವನ್ನೇ ನೋಡುತ್ತಿದ್ದೆ. “ಹೆಂಗಸರ ಮಾತ, ಮನಸಿಗಿ ಹಚಗೋಬ್ಯಾಡ ಅಕ್ಕಾ” ಅಂದೆ. ಮಾಯವ್ವ ಬೇರೆ ಮನೆಯಿಂದ ಬಂದವಳು, ಅವಳ ಮೇಲಿನ ಸಿಟ್ಟು ಎಂದಾದರೂ ಆರೀತು. ಅವ್ವ ಸತ್ತ ಮೇಲೆ ನಿನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ನಾನು. ನನ್ನ ಮಗಳಿಗೆ ಇಲಿಗೆ ಪಾಷಾಣ ಇಟ್ಟ ಹಾಗೆ ಇಟ್ಟರಲ್ಲ, ನೀನು ಚಹಾ ಮುಗಿಸಿದೆಯಲ್ಲ! ಅದನ್ನು ಯಾವ ಬಾಯಿಂದ ಹೆಂಗಸರ ಮಾತು ಅನ್ನಲಿ?

ಅಂದೇ ಅರ್ಚನಾಳನ್ನು ಇಲ್ಲಿಗೆ ಕರೆತಂದೆ. ಈಗ ಚೇತರಿಸಿಕೊಳ್ಳುತ್ತಿದ್ದಾಳೆ. ಗಿರಣಿಯಲ್ಲಿ ಗೋಧಿ ಬೀಸಿದ ಕಲ್ಲಿಗೆ ನಮ್ಮ ಜೋಳ ಹಾಕಿಸುವುದಿಲ್ಲ, ಮನೆಯ ಬೀಸುವ ಕಲ್ಲನ್ನೇ ತೊಳೆದು ಇಟ್ಟುಕೊಂಡಿದ್ದೇನೆ. ಎರಡು ತಿಂಗಳಲ್ಲಿ ರಕ್ತ ಒಂಬತ್ತಕ್ಕೆ ಬಂದಿದೆ. ಬಾಯಿಯ ಹುಣ್ಣು ಮಾಯ್ದಿವೆ. ಮೊನ್ನೆ ಲಕ್ಷ್ಮೀಯ ಜೊತೆ ಜಗಳ ಆಡಿದಳು, ನನಗೆ ಹಬ್ಬ ಆದಷ್ಟು ಸಂತೋಷವಾಯಿತು.

ಹೋದ ರವಿವಾರ ಶಿವಕುಮಾರ ಬಂದಿದ್ದ, ನಿನಗೆ ಹೇಳದೆ ಬಂದಿರಬೇಕು. ಅರ್ಚನಾ ಉಣ್ಣಲು ಬಡಿಸಿ ಎದುರು ಕೂತು ಕೇಳಿದಳು: “ಗೋಕಾಕದಾಗ ಬ್ಯಾರೆ ಮನಿ ಮಾಡ್ತೀರೇನ್ರಿ? ನಮ್ಮ ಅಡಗಿ ನಾನ ಮಾಡ್ಕೋತೀನಿ.” ಅವನು ರೊಟ್ಟಿ ಮುರಿಯುತ್ತಾ, “ಅಪ್ಪನ್ನ ಒಂದ ಮಾತ ಕೇಳ್ತೀನಿ” ಅಂದ. ಅವಳು, “ಕೇಳಬ್ಯಾಡ್ರಿ. ಉಂಡ ಹೋಗ್ರಿ” ಅಂದಳು. ಅಷ್ಟೇ. ಅವಳು ಅಳಲಿಲ್ಲ, ನಾನೇ ಹಿತ್ತಲಿಗೆ ಹೋಗಿ ಅತ್ತೆ.

ಬಿಡುಗಡೆ ಕಾಗದ ಕಳಿಸು, ಅರ್ಚನಾ ಸಹಿ ಮಾಡುತ್ತಾಳೆ. ಲಕ್ಷ್ಮೀಯ ಹೆಸರು ಇನ್ನೊಮ್ಮೆ ನಿಮ್ಮ ಬಾಯಲ್ಲಿ ಬರಕೂಡದು. ನಾನು ಇನ್ನು ತವರಿಲ್ಲದವಳು ಅಂತ ತಿಳಿ.

ಆದರೂ ನಿನಗೆ ಕೆಟ್ಟದ್ದು ಬಯಸಲು ಬಾಯಿ ಬರುವುದಿಲ್ಲ. ಬಸವಣ್ಣ ನಿನ್ನ ಮನೆಯನ್ನು ತುಂಬಿರಿಸಲಿ. ನನ್ನ ಮಕ್ಕಳಿಲ್ಲದೆ ತುಂಬಿರಲಿ.

ನಿನ್ನ ಅಕ್ಕ,
ಸುಂದ್ರವ್ವ

ತಾ.ಕ.: ಕಾಗದ ಮಡಿಸಿದ್ದೆ, ಮತ್ತೆ ಬಿಚ್ಚಿದೆ. ಹೋದ ವರ್ಷ ಪಂಚಮಿಗೆ ಬಂದಾಗ ಅರ್ಚನಾ ಅಂದಿದ್ದಳು: “ಅವ್ವಾ, ಇಲ್ಲಿ ಹೊಟ್ಟಿ ಸುಮ್ಮ ಇರ್ತೈತಿ. ಹುಟ್ಟೂತನಕ ನನ್ನ ಇಲ್ಲೇ ಇಟಗೊ.” ಎರಡನೆಯ ಬಸಿರು, ಎರಡು ತಿಂಗಳಾಗಿತ್ತು ಅವಳಿಗೆ. ನನಗೆ ಗೊತ್ತಿತ್ತು. “ನನ್ನ ತವರಮನಿಗಿ ಕೆಟ್ಟ ಹೆಸರ ತರಬ್ಯಾಡ” ಅಂತ ಗದರಿಸಿ ನಾನೇ ಹುಕ್ಕೇರಿ ಬಸ್ಸು ಹತ್ತಿಸಿದೆ. ಕಿಟಕಿಯ ಹತ್ತಿರವೇ ಸೀಟು ಸಿಕ್ಕಿತ್ತು. ಬಸ್ಸು ಬಿಡುವವರೆಗೂ ಅವಳು ಒಮ್ಮೆಯೂ ನನ್ನ ಕಡೆ ತಿರುಗಲಿಲ್ಲ.